ರಾತ್ರಿಯ ಭಯವೂ ಸಂಶಯದ ಮೇರೆಯೂ

ಭಯವು ಮನುಷ್ಯನಿಗೆ ಹಿತವೋ ಅಹಿತವೋ ಎಂಬುದನ್ನು ನಮ್ಮ ಪೂರ್ವಿಕರು ಬಹುವಾಗಿ ವಿಚಾರಮಾಡಿರುವರು. ರಾಜಭಯ, ಚೋರಭಯ, ಅಗ್ನಿಭಯ, ಸರ್ಪಭಯ ಎಂದು ಮೊದಲಾಗಿ ಅವರು ಎಣಿಸಿದ ಭಯಗಳು ಹೊರಗಿನಿಂದ ಬರತಕ್ಕವು. ಬಾಗಿಲಿಗೆ ಅಗುಳಿ ಹಾಕಿದರೆ ಅವುಗಳಲ್ಲಿ ಅರ್ಧ ಕಳೆಯುವುದು. ಅಗುಳಿ ಹಾಕಿ ದೀಪವನ್ನು ಆರಿಸಿದ ಮೇಲೆ ಆರಂಭವಾಗುವ ಭಯವೊಂದು ಈಗ ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿದೆ. ಮಧುಮೇಹಕ್ಕಾಗಿ ಇನ್ಸುಲಿನ್ ಚುಚ್ಚಿಕೊಳ್ಳುವವನು, ಅಥವಾ ಕೆಲವು ಬಗೆಯ ಮಾತ್ರೆಗಳನ್ನು ನುಂಗುವವನು, ಹಾಸಿಗೆಯ ಮೇಲೆ ಒರಗಿದಾಗ, ‘ನಿದ್ರೆಯಲ್ಲಿ ರಕ್ತದ ಸಕ್ಕರೆ ಇಳಿದುಹೋದರೆ ನನಗೆ ಎಚ್ಚರವಾಗುವುದೋ ಇಲ್ಲವೋ’ ಎಂದು ಹೆದರುವನು. ಅವನ ಪಕ್ಕದಲ್ಲಿ ಮಲಗಿದವರೂ ಹೆದರುವರು. ಈ ಭಯಕ್ಕೆ ನಾವು ಎಷ್ಟು ಸಲ್ಲಿಸತಕ್ಕದ್ದು, ಎಲ್ಲಿಗೆ ನಿಲ್ಲಿಸತಕ್ಕದ್ದು ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ. ನಾನು ವೈದ್ಯನಲ್ಲ, ಹದಿಮೂರು ವರ್ಷಗಳಿಂದ ಈ ಸೂಜಿಯೊಡನೆ ಬಾಳುತ್ತಿರುವ ನಿವೃತ್ತ ಉಪಾಧ್ಯಾಯನು. ಔಷಧದ ಪ್ರಮಾಣವನ್ನು ಕುರಿತು ವಾಚಕರು ನನ್ನಿಂದ ಏನನ್ನೂ ನಿರೀಕ್ಷಿಸಬಾರದು.

ಈ ಭಯವು ಎಷ್ಟು ಹೊಸದೆಂಬುದನ್ನು ಮೊದಲು ಗಮನಿಸಬೇಕು. ಸುಶ್ರುತಸಂಹಿತೆಯಲ್ಲಿ ಪ್ರಮೇಹವನ್ನು ಸಹಜವೆಂದೂ ಅಪಥ್ಯದಿಂದ ಹುಟ್ಟಿದುದೆಂದೂ ಎರಡಾಗಿ ವಿಭಾಗಿಸಿ, ಮೊದಲನೆಯದರ ರೋಗಿಯು ಕೃಶನೆಂದೂ ಎರಡನೆಯದರವನು ಸ್ಥೂಲನೆಂದೂ ಹೇಳಿದೆ. ಇಂದಿನ ವೈದ್ಯರ ಒಂದನೆಯ ಬಗೆ, ಎರಡನೆಯ ಬಗೆ ಎಂಬ ವಿಭಾಗವನ್ನು ಇದು ನೆನಪಿಗೆ ತರುವುದು. ಆದರೆ ಆ ಕಾಲದ ರೋಗಿಗೆ ಸಕ್ಕರೆಯು ಹೆಚ್ಚುವ ದುಃಖವಿದ್ದಿತೇ ಹೊರತು ಹೀಗೆ ಇಳಿಯುವ ಭಯಕ್ಕೆ ಕಾರಣವಿರಲಿಲ್ಲ. ೧೯೨೧ ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಪ್ರತ್ಯೇಕಿಸಿದರು. ೧೯೨೨ ರ ಜನವರಿಯಲ್ಲಿ ಲೆನರ್ಡ್ ಥಾಮ್ಸನ್ ಎಂಬ ಬಾಲಕನಿಗೆ ಅದನ್ನು ಕೊಟ್ಟರು. ಅದುವರೆಗೆ ಈ ರೋಗ ಬಂದ ಮಕ್ಕಳು ಒಣಗಿ ಸಾಯುವುದನ್ನು ನೋಡುತ್ತ ಕೂರುವುದಲ್ಲದೆ ತಂದೆತಾಯಿಗಳಿಗೆ ಬೇರೆ ದಾರಿಯಿರಲಿಲ್ಲ. ಪ್ರಾಣವನ್ನುಳಿಸಿದ ಔಷಧವೇ ಪ್ರಮಾಣ ಮೀರಿದರೆ ಪ್ರಾಣಕ್ಕೆ ಎರವಾಗಬಲ್ಲುದೆಂಬುದೂ ಬೇಗನೆ ತಿಳಿದುಬಂದಿತು. ಹೀಗಾಗಿ ನಾವು ಹೆದರುವುದು ರೋಗಕ್ಕಲ್ಲ, ಚಿಕಿತ್ಸೆಗೆ. ಅದೂ ಬಿಡಲಾಗದ ಚಿಕಿತ್ಸೆಗೆ.

ಇನ್ನು, ಭಯಕ್ಕೆ ಆಧಾರವುಂಟೆ ಎಂದು ನೋಡೋಣ. ಆರೋಗ್ಯವಂತನ ಸಕ್ಕರೆಯು ಇಳಿಯತೊಡಗಿದರೆ ಅವನ ಮೈಯಲ್ಲಿ ಇನ್ಸುಲಿನ್ ಒಸರುವುದು ತಾನಾಗಿಯೇ ನಿಲ್ಲುವುದು. ಗ್ಲುಕಗಾನ್ ಎಂಬ ಇನ್ನೊಂದು ರಸವು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊರಡಿಸುವುದು. ಸಾಲದಿದ್ದರೆ ಅಡ್ರಿನಲಿನ್ ಎದ್ದು ಎದೆ ಬಡಿಸಿ, ಬೆವರಿಳಿಸಿ, ಮೈ ನಡುಗಿಸಿ ಎಚ್ಚರಿಸುವುದು. ಚುಚ್ಚಿದ ಇನ್ಸುಲಿನ್ ಹಾಗಲ್ಲ. ಅದನ್ನು ಹಿಂದಕ್ಕೆ ಕರೆಯುವಂತಿಲ್ಲ; ತನ್ನ ಅವಧಿ ಮುಗಿಯುವವರೆಗೆ ಅದು ಕೆಲಸ ಮಾಡಿಯೇ ತೀರುವುದು. ಒಂದನೆಯ ಬಗೆಯ ರೋಗಿಗಳಲ್ಲಿ ಕೆಲವು ವರ್ಷಗಳೊಳಗೆ ಇಳಿತಕ್ಕೆ ಗ್ಲುಕಗಾನ್ ಏಳುವುದೂ ತಪ್ಪಿಹೋಗುವುದು. ನಿದ್ರೆಯಲ್ಲಿ ಅಡ್ರಿನಲಿನ್ ಕೂಡ ಮಂದವಾಗಿರುವುದು. ಮೇಲಿಂದ ಮೇಲೆ ಇಳಿತವಾದವನಿಗೆ ಸೂಚನೆಗಳೇ ತಡವಾಗಿ ತೋರುವುವು. ೧೯೪೬ ರಲ್ಲಿ ಡೆನ್ಮಾರ್ಕಿನಲ್ಲಿ ಸಿದ್ಧವಾಗಿ, ಬೆಲೆ ಕಡಿಮೆಯೆಂಬ ಕಾರಣದಿಂದ ಇಂದಿಗೂ ಅನೇಕರು ಉಪಯೋಗಿಸುವ ಎನ್‌ಪಿಹೆಚ್ ಎಂಬ ಇನ್ಸುಲಿನ್ನನ್ನು ರಾತ್ರಿಯೂಟಕ್ಕೆ ಮುಂಚೆ ತೆಗೆದುಕೊಂಡರೆ ಅದರ ಜೋರು ನಡುರಾತ್ರಿಗೆ ಬೀಳುವುದು. ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಮೊದಲಾದ ಮಾತ್ರೆಗಳೂ, ವಿಶೇಷವಾಗಿ ಮೂತ್ರಪಿಂಡ ಸೋತ ವೃದ್ಧರಲ್ಲಿ, ಇದೇ ತೊಂದರೆಯನ್ನು ತರಬಲ್ಲುವು. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಈ ಚಿಂತೆ ಬಹುಮಟ್ಟಿಗೆ ಅನಾವಶ್ಯಕ. ಅವರಲ್ಲಿ ಕೆಲವರು ಹೆದರುವುದೂ ನೆರೆಯವರನ್ನು ನೋಡಿಯೆ.

ರಕ್ತದ ಒಂದು ಡೆಸಿಲೀಟರಿನಲ್ಲಿ ೭೦ ಮಿಲಿಗ್ರಾಮಿಗಿಂತ ಕಡಿಮೆಯಾದರೆ ಇಳಿತವೆಂದೂ, ೫೪ ಕ್ಕಿಂತ ಕಡಿಮೆಯಾದರೆ ಗಂಭೀರವಾದ ಇಳಿತವೆಂದೂ ವೈದ್ಯರು ಗೆರೆ ಹಾಕಿರುವರು. ಅಮೆರಿಕದಲ್ಲಿಯೂ ಕೆನಡಾದಲ್ಲಿಯೂ ೧೪೪೧ ಜನ ಒಂದನೆಯ ಬಗೆಯ ರೋಗಿಗಳನ್ನು ಇಟ್ಟುಕೊಂಡು ನಡೆಸಿ ೧೯೯೩ ರಲ್ಲಿ ಪ್ರಕಟಿಸಿದ ದೊಡ್ಡ ಪರೀಕ್ಷೆಯೊಂದುಂಟು. ಆ ಪರೀಕ್ಷೆಯಲ್ಲಿ ಕಂಡ ತೀವ್ರವಾದ ಇಳಿತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಂಭವಿಸಿದುದು ನಿದ್ರೆಯಲ್ಲಿ. ಸಂಜೆ ಚೆನ್ನಾಗಿದ್ದ ತರುಣರು ಬೆಳಗ್ಗೆ ಹಾಸಿಗೆಯಲ್ಲಿಯೇ ನಿರ್ಜೀವರಾಗಿ ಕಂಡುಬಂದ ಪ್ರಸಂಗಗಳನ್ನು ಇಂಗ್ಲೆಂಡಿನ ವೈದ್ಯರು ೧೯೯೧ ರಲ್ಲಿ ಒಟ್ಟುಗೂಡಿಸಿ ಬರೆದರು. ಇಂತಹ ಮರಣವು ಅತಿ ವಿರಳ. ಬಹುತೇಕ ಇಳಿತಗಳು ಬೆವರಿನಿಂದ ತೊಯ್ದ ಬಟ್ಟೆಯನ್ನೂ ಬೆಳಗಿನ ತಲೆನೋವನ್ನೂ ಬಿಟ್ಟು ತಾವಾಗಿಯೇ ಸರಿಹೋಗುವುವು. ಆದರೂ, ಇಲ್ಲದ ವಸ್ತುವಿಗೆ ಹೆದರುತ್ತಿದ್ದೀರಿ ಎಂದು ಯಾರೂ ಹೇಳುವಂತಿಲ್ಲ.

ಹೀಗಿದ್ದರೂ ಹಾಗೆ ಹೇಳುವವರೇ ಹೆಚ್ಚು. ಅವರದು ಮೊದಲನೆಯ ಪಕ್ಷ. ‘ಹಣೆಯಲ್ಲಿ ಬರೆದುದು ತಪ್ಪುವುದೆ? ದೇವರ ಮೇಲೆ ಭಾರ ಹಾಕಿ ಮಲಗಿ’ ಎಂದು ಅವರು ಉಪದೇಶಿಸುವರು. ಭಾರವನ್ನು ದೇವರ ಮೇಲೆ ಹಾಕುವುದು ದೊಡ್ಡ ಮಾತು. ಆದರೆ ಆ ಮಾತನ್ನು ನನಗೆ ಹೇಳಿದ ಮಹನೀಯರೊಬ್ಬರು ತಮ್ಮ ಅಡಕೆಯನ್ನು ಉಗ್ರಾಣಕ್ಕೆ ಸೇರಿಸಿ ಬೀಗ ಹಾಕಿ, ಬೀಗವನ್ನು ಎರಡು ಸಲ ಎಳೆದು ನೋಡಿಯೇ ಮಲಗುವರು. ಯೋಗಕ್ಷೇಮವೆಂಬ ಪದವನ್ನು ಬಿಡಿಸುವಾಗ ಶಂಕರಾಚಾರ್ಯರು ಕ್ಷೇಮವೆಂದರೆ ದೊರೆತುದನ್ನು ಕಾಪಾಡುವುದು ಎಂದು ಅರ್ಥಮಾಡಿರುವರು. ಭಗವಂತನು ಕಾಪಾಡುವನೆಂದರೆ ದೊರೆತಿರುವ ಕೈಕಾಲು ಕಣ್ಣುಗಳನ್ನು ನಾವು ಉಪಯೋಗಿಸಬಾರದೆಂದು ಅರ್ಥವಾಗದು.

ಈ ಪಕ್ಷದ ಪರಿಣಾಮವನ್ನು ನಾನು ವಿಶೇಷವಾಗಿ ಕಂಡಿರುವುದು ಏಕಾದಶಿಯ ದಿನಗಳಲ್ಲಿ. ನಮ್ಮ ಬಂಧುವರ್ಗದ ವೃದ್ಧೆಯೊಬ್ಬರು ಬೆಳಗ್ಗೆ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿ, ದಿನವೆಲ್ಲ ನಿರಾಹಾರವಾಗಿದ್ದು, ರಾತ್ರಿ ಮೂರು ಗಂಟೆಗೆ ಮನೆಯವರ ಗುರುತು ತಿಳಿಯದೆ ಏನೇನೋ ಮಾತಾಡತೊಡಗಿದರು. ಮನೆಯವರು ದೆವ್ವವೆಂದು ಬಗೆದರು. ಪುಣ್ಯಕ್ಕೆ ಮೊಮ್ಮಗನೊಬ್ಬನು ಓದಿದವನಿದ್ದು, ಆಕೆಗೆ ಇನ್ನೂ ನುಂಗುವ ಶಕ್ತಿಯಿರುವುದನ್ನು ನೋಡಿಕೊಂಡು ಸಕ್ಕರೆಯ ನೀರನ್ನು ಕುಡಿಸಿದನು. ಕಾಲು ಗಂಟೆಯಲ್ಲಿ ದೆವ್ವ ಬಿಟ್ಟುಹೋಯಿತು. ಆಕೆಗೆ ದುಃಖವಾದುದು ವ್ರತಭಂಗವಾಯಿತೆಂದು! ವ್ರತವನ್ನು ಕೆಡಿಸದ ಎಂಟು ವಸ್ತುಗಳೆಂದು ಧರ್ಮಶಾಸ್ತ್ರದಲ್ಲಿ ಎಣಿಸಿರುವುದರಲ್ಲಿ ನೀರು, ಹಣ್ಣು, ಹಾಲುಗಳೊಡನೆ ಔಷಧವೂ ಸೇರಿದೆ. ಸಕ್ಕರೆ ಇಳಿದವನಿಗೆ ಸಕ್ಕರೆಯೇ ಔಷಧ. ಇದನ್ನು ಪುರೋಹಿತರು ಹೇಳಿದರೆ ವೈದ್ಯರು ಹೇಳುವುದಕ್ಕಿಂತ ಬೇಗ ನಾಟುವುದು. ಹೇಳತಕ್ಕದ್ದು ಅವರ ಕರ್ತವ್ಯವೆಂದು ನನ್ನ ಅಭಿಪ್ರಾಯ. ಉಪವಾಸಕ್ಕೆ ಮುಂಚೆ ಮಾತ್ರೆಯ ವಿಷಯವನ್ನು ವೈದ್ಯರೊಡನೆ ಗೊತ್ತುಮಾಡಿಕೊಳ್ಳುವುದು ಸಂಕಲ್ಪದ ಒಂದು ಅಂಗವೆಂದೇ ತಿಳಿಯಬೇಕು.

ಎರಡನೆಯ ಪಕ್ಷವು ಇದಕ್ಕೆ ವಿರುದ್ಧವಾದುದು, ಮೇಲುನೋಟಕ್ಕೆ ಬುದ್ಧಿವಂತರದು. ‘ಇಳಿದರೆ ತಾನೆ ಭಯ? ಇಳಿಯದಂತೆ ಮೇಲೆಯೇ ಇಟ್ಟುಕೊಂಡರಾಯಿತು’ ಎನ್ನುವರು. ಮಲಗುವ ಮುನ್ನ ಎರಡು ಬಾಳೆಹಣ್ಣು, ಒಂದು ಲೋಟ ಸಿಹಿಹಾಲು. ಇಲ್ಲವೆ ರಾತ್ರಿಯ ಇನ್ಸುಲಿನ್ನಿಗೇ ರಜಾ. ನನ್ನ ಜೊತೆಯ ಉಪಾಧ್ಯಾಯರೊಬ್ಬರು ವರ್ಷಗಟ್ಟಲೆ ಸಕ್ಕರೆಯನ್ನು ಇನ್ನೂರೈವತ್ತರ ಮೇಲೆ ಇಟ್ಟುಕೊಂಡು ಸುಖವಾಗಿ ನಿದ್ರೆಮಾಡಿದರು. ಈಗ ಅವರಿಗೆ ಪತ್ರಿಕೆಯನ್ನು ಮಗನು ಓದಿ ಹೇಳಬೇಕು. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಒಂದು ರಾತ್ರಿ ಎಚ್ಚರ ತಪ್ಪಿ ಬಿದ್ದು ಹಲ್ಲು ಮುರಿದುಕೊಂಡ ಮೇಲೆ ಅವರು ಹಾಗೆ ನಡೆದರು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರು ೧೯೮೭ ರಲ್ಲಿಯೇ ಈ ಭಯವನ್ನು ಅಳೆಯುವುದಕ್ಕಾಗಿ ಒಂದು ಪ್ರಶ್ನಾವಳಿಯನ್ನು ರಚಿಸಿ, ಅದರಲ್ಲಿ ಚಿಂತೆಯನ್ನೂ ಚಿಂತೆಯಿಂದ ಹುಟ್ಟುವ ನಡತೆಯನ್ನೂ ಬೇರೆ ಬೇರೆಯಾಗಿ ಕೇಳಿರುವರು. ಚಿಂತೆಯು ಮನಸ್ಸಿನಲ್ಲಿಯೇ ಇದ್ದರೆ ನಿದ್ರೆಯಷ್ಟೆ ಕೆಡುವುದು. ಕೈಗೆ ಇಳಿದು ಔಷಧವನ್ನು ತಡೆದರೆ ಕಣ್ಣು, ಮೂತ್ರಪಿಂಡ, ನರಗಳು ಕೆಡುವುವು. ಮೇಲೆ ಹೇಳಿದ ೧೯೯೩ ರ ಪರೀಕ್ಷೆಯಿಂದ ಸಕ್ಕರೆಯನ್ನು ಬಿಗಿಯಾಗಿ ಕಾಪಾಡಿದವರಲ್ಲಿ ಈ ಮೂರರ ಕೇಡು ಬಹಳ ಕಡಿಮೆಯಾಯಿತೆಂದು ಗೊತ್ತಾಯಿತು. ಅದೇ ಜನರಲ್ಲಿ ತೀವ್ರವಾದ ಇಳಿತಗಳು ಸುಮಾರು ಮೂರುಪಟ್ಟು ಹೆಚ್ಚಿದುವೆಂದೂ ಗೊತ್ತಾಯಿತು. ಎರಡೂ ಸತ್ಯವೆ. ವೃದ್ಧರಿಗೂ ಅಶಕ್ತರಿಗೂ ವೈದ್ಯರೇ ಗುರಿಯನ್ನು ಸ್ವಲ್ಪ ಸಡಿಲಿಸುವುದುಂಟು. ಅದು ಆಲೋಚಿಸಿ ಮಾಡಿದ್ದು. ಭಯಪಟ್ಟವನು ಯಾರಿಗೂ ಹೇಳದೆ ಸಡಿಲಿಸುವುದು ಬೇರೆ. ಇಂದಿನ ರಾತ್ರಿಯ ನೆಮ್ಮದಿಗೆಂದು ಅವನು ಸಾಲ ಮಾಡುವನು. ತೀರಿಸಬೇಕಾದವನು ಹತ್ತು ವರ್ಷಗಳ ಮುಂದಿರುವ ಕುರುಡನು. ಆ ಕುರುಡನನ್ನೂ, ಅವನ ಕೈ ಹಿಡಿದು ನಡೆಸಬೇಕಾದ ಮಗನನ್ನೂ ಒಪ್ಪಿಗೆ ಕೇಳಿದವರಿಲ್ಲ. ಈ ಕಾರಣದಿಂದಲೇ ಇದು ಕೇವಲ ಆರೋಗ್ಯದ ಪ್ರಶ್ನೆಯಾಗಿರದೆ ಧರ್ಮದ ಪ್ರಶ್ನೆಯೂ ಆಗಿರುವುದು.

ಹಾಗಾದರೆ ಮಾಡತಕ್ಕುದೇನು? ಪಾಠಶಾಲೆಯಲ್ಲಿ ನಮಗೆ ಹಗ್ಗ ಹಾವಿನ ದೃಷ್ಟಾಂತವನ್ನು ಹೇಳಿಕೊಡುತ್ತಿದ್ದರು. ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿದವನು ದೀಪ ತಂದು ನೋಡಿದರೆ ಭಯವು ತೊಲಗುವುದು. ನಮ್ಮ ಮಬ್ಬು ಇನ್ನೂ ಗಾಢವಾದುದು. ಏಕೆಂದರೆ ಸಕ್ಕರೆ ಇಳಿದಾಗಲೂ ಅಡ್ರಿನಲಿನ್ನಿನಿಂದ ಎದೆ ಬಡಿದು ಬೆವರುವುದು, ಬರಿಯ ಹೆದರಿಕೆಯಿಂದಲೂ ಅದೇ ಅಡ್ರಿನಲಿನ್ನಿನಿಂದ ಎದೆ ಬಡಿದು ಬೆವರುವುದು. ಎರಡು ಗಂಟೆಗೆ ಎಚ್ಚೆತ್ತು ಬೆವರುವವನು ತನ್ನ ಬೆವರನ್ನೇ ನೋಡಿ ನಿರ್ಣಯಿಸಲಾರನು. ಇಲ್ಲಿ ಬೆರಳಿನ ಒಂದು ಹನಿ ರಕ್ತವನ್ನು ನೋಡಿ ಅಂಕಿ ಹೇಳುವ ಯಂತ್ರವೇ ದೀಪ. ಆದರೆ ವೇದಾಂತಿಯ ದೃಷ್ಟಾಂತದಲ್ಲಿ ದೀಪ ತಂದಾಗಲೆಲ್ಲ ಕಾಣುವುದು ಹಗ್ಗವೆ. ನಮ್ಮ ಮನೆಯಲ್ಲಿ ಒಮ್ಮೊಮ್ಮೆ ಹಾವೂ ಇರುವುದು. ಹಾವಾಗಿದ್ದರೆ ಹದಿನೈದು ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ, ಎಂದರೆ ಸುಮಾರು ಮೂರು ಚಹದ ಚಮಚ, ನೀರಿನಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷ ಕಾದು, ಮತ್ತೆ ನೋಡುವುದು. ಹೋಳಿಗೆ ಲಾಡುಗಳನ್ನು ಹುಡುಕಬಾರದು; ತುಪ್ಪವು ಸಕ್ಕರೆಯನ್ನು ಹೊಟ್ಟೆಯಲ್ಲಿ ತಡೆಯುವುದು.

ಕಷ್ಟವಿರುವುದು ಹಗ್ಗವೆಂದು ಕಂಡ ಮೇಲೆ. ಅಂಕಿಯು ೧೩೦ ಎಂದಿತು. ಹತ್ತು ನಿಮಿಷಕ್ಕೆ ಮತ್ತೆ ಚುಚ್ಚಿ ನೋಡಬೇಕೆನಿಸುವುದು. ಯಂತ್ರ ಕೆಟ್ಟಿದ್ದರೆ? ಈಗ ಸರಿಯಿದ್ದು ಮೂರು ಗಂಟೆಗೆ ಇಳಿದರೆ? ಹೀಗೆ ಕೇಳುವವನು ಹಾವನ್ನು ಬಿಟ್ಟು ದೀಪವನ್ನೇ ಶಂಕಿಸತೊಡಗಿರುವನು. ಈ ಶಂಕೆಗೆ ಕೊನೆಯೆಲ್ಲಿ ಎಂಬುದನ್ನು ವೇದಾಂತಿಗಿಂತ ನೈಯಾಯಿಕನು ಚೆನ್ನಾಗಿ ವಿಚಾರಿಸಿರುವನು. ಎಲ್ಲವನ್ನೂ ಶಂಕಿಸಬಹುದಾದುದರಿಂದ ಅನುಮಾನಪ್ರಮಾಣವೇ ಇಲ್ಲವೆಂದ ಚಾರ್ವಾಕನಿಗೆ ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ಉತ್ತರ ಕೊಟ್ಟಿರುವರು. ಅದರ ತಾತ್ಪರ್ಯವೇನೆಂದರೆ, ಶಂಕೆಯು ಶಂಕಿಸುವವನ ಸ್ವಂತ ನಡತೆಗೆ ವಿರೋಧ ಬರುವವರೆಗೆ ಮಾತ್ರ ಓಡಬಲ್ಲುದು. ಹಸಿದಾಗ ಅನ್ನಕ್ಕೆ ಕೈ ಹಾಕುವವನು ಅನ್ನದಿಂದ ಹಸಿವು ಹಿಂಗುವುದೋ ಇಲ್ಲವೋ ಎಂದು ನಿಜವಾಗಿ ಶಂಕಿಸುತ್ತಿಲ್ಲ. ಶ್ರೀಹರ್ಷನು ಇದೇ ಮಾತನ್ನು ತಿರುಗಿಸಿ ಖಂಡಿಸಿರುವನೆಂಬುದನ್ನು ಬಲ್ಲೆ. ಆದರೆ ಶ್ರೀಹರ್ಷನೂ ಊಟ ಮಾಡಿಯೇ ಗ್ರಂಥ ಬರೆದಿರಬೇಕು.

ಇದನ್ನು ನಮ್ಮ ಹಾಸಿಗೆಯ ಬಳಿಗೆ ತರೋಣ. ಸಂಜೆ ಎಂಟಕ್ಕೆ ಇದೇ ಯಂತ್ರವು ತೋರಿಸಿದ ಅಂಕಿಯನ್ನು ನಂಬಿ, ಇಷ್ಟು ಯೂನಿಟ್ ಎಂದು ಲೆಕ್ಕ ಹಾಕಿ, ಪ್ರಾಣಕ್ಕೆ ಎರವಾಗಬಲ್ಲ ಔಷಧವನ್ನು ಮೈಗೆ ಚುಚ್ಚಿಕೊಂಡವನು ನಾನೆ. ಚುಚ್ಚಿಕೊಳ್ಳುವುದಕ್ಕೆ ಸಾಕಾದ ಪ್ರಮಾಣವು ನಿದ್ರೆಗೆ ಸಾಲದೆಂದರೆ ನನ್ನ ಮಾತಿಗೂ ನಡತೆಗೂ ವಿರೋಧ ಬಂದಿತು. ಅಲ್ಲಿಗೆ ಶಂಕೆಯ ಮೇರೆ. ಊಟವಾಗಿದೆ, ಅಂಕಿಯನ್ನು ನೋಡಿದೆ, ತಲೆದಿಂಬಿನ ಬಳಿ ಗ್ಲೂಕೋಸ್ ಡಬ್ಬಿಯಿದೆ, ಮನೆಯವರಿಗೆ ತಿಳಿದಿದೆ. ಇದರ ಮೇಲೆ ಏಳುವ ಶಂಕೆಗೆ ನಾನು ಎದ್ದು ದೀಪ ಹಚ್ಚುವುದಿಲ್ಲ. ಹೊಸದಾಗಿ ಕಾರಣ ದೊರೆತರೆ ಮಾತು ಬೇರೆ. ಎಂದಿಗಿಂತ ಹೆಚ್ಚು ನಡೆದ ದಿನ, ವಾಂತಿಯಾದ ದಿನ, ಮದುವೆಮನೆಯಲ್ಲಿ ಊಟ ತಡವಾದ ದಿನ, ವೈದ್ಯರು ಪ್ರಮಾಣ ಬದಲಿಸಿದ ವಾರ, ಮದ್ಯಪಾನ ಮಾಡುವವರಿಗೆ ಅದನ್ನು ಮಾಡಿದ ರಾತ್ರಿ, ಮೂರು ಗಂಟೆಗೆ ಗಡಿಯಾರವಿಟ್ಟುಕೊಂಡು ನೋಡತಕ್ಕದ್ದೆ. ಮದ್ಯವು ಯಕೃತ್ತನ್ನು ಸಕ್ಕರೆ ಕೊಡದಂತೆ ಕಟ್ಟಿಹಾಕುವುದು. ಮೈ ಬೆವರಿ ಎಚ್ಚರವಾದರೂ ಒಮ್ಮೆ ನೋಡತಕ್ಕದ್ದೆ. ಇಳಿತಗಳು ಮರುಕಳಿಸಿದರೆ ಶಂಕೆಯನ್ನು ವೈದ್ಯರ ಬಳಿಗೆ ಒಯ್ಯಬೇಕು. ರಾತ್ರಿ ಇಳಿತವನ್ನು ಕಡಿಮೆ ಮಾಡುವ ದೀರ್ಘಾವಧಿಯ ಇನ್ಸುಲಿನ್ನುಗಳು ಈಗ ಉಂಟು.

ಇಷ್ಟನ್ನು ತನ್ನ ವಿಷಯದಲ್ಲಿ ಹೇಳಿಕೊಳ್ಳುವುದು ಸುಲಭ. ಕಾಯುವವರ ವಿಷಯದಲ್ಲಿ ಕಷ್ಟ. ನನ್ನ ತಮ್ಮನ ಮಗಳಿಗೆ ಹನ್ನೊಂದನೆಯ ವಯಸ್ಸಿಗೆ ಈ ರೋಗ ಬಂದಿತು, ಈಗ ಹದಿನೇಳು. ಆರು ವರ್ಷ ಆಕೆಯ ತಾಯಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಎದ್ದು ಮಗಳ ಹಣೆ ಕತ್ತುಗಳನ್ನು ಮುಟ್ಟಿ ಬೆವರಿದೆಯೆ ಎಂದು ನೋಡಿ ಮಲಗುತ್ತಿದ್ದಳು. ಹುಡುಗಿಯು ಒಂದು ದಿನ ನನ್ನೊಡನೆ, “ದೊಡ್ಡಪ್ಪ, ಅಮ್ಮ ಮುಟ್ಟಿದಾಗಲೆಲ್ಲ ನನಗೆ ಎಚ್ಚರವಾಗುತ್ತದೆ. ಆದರೆ ತೋರಿಸಿಕೊಳ್ಳುವುದಿಲ್ಲ” ಎಂದಳು.

“ಏಕಮ್ಮಾ?”

“ತೋರಿಸಿಕೊಂಡರೆ ಅವಳು ಅಳುತ್ತಾಳೆ.”

ಒಂದೇ ಕೋಣೆಯಲ್ಲಿ ತಾಯಿ ಮಗಳಿಬ್ಬರೂ ಎಚ್ಚರವಾಗಿದ್ದು ಒಬ್ಬರಿಗಾಗಿ ಒಬ್ಬರು ನಿದ್ರೆಯನ್ನು ನಟಿಸುವುದು ಸಾಮಾನ್ಯ ಸಂಗತಿಯಲ್ಲ. ತಾಯಿಯದು ಮೋಹವೆಂದು ತಟ್ಟನೆ ಹೇಳಿಬಿಡುವವರು ಆಕೆಯ ಸ್ಥಾನದಲ್ಲಿ ಒಂದು ರಾತ್ರಿ ನಿಂತು ನೋಡಲಿ. ಆದರೆ ಕಾವಲಿಗೂ ಒಂದು ನ್ಯಾಯವುಂಟು. ನಮ್ಮ ಸೀಮೆಯಲ್ಲಿ ಹಂದಿ ಬರುವ ಕಾಲಕ್ಕೆ ಹೊಲದ ಅಟ್ಟಣೆಯ ಮೇಲೆ ಇಬ್ಬರು ಸರದಿಯ ಮೇಲೆ ಕಾಯುವರು. ಜೊತೆಗಾರನನ್ನು ನಂಬದೆ ಅವನ ಸರದಿಯಲ್ಲಿಯೂ ಕಣ್ಣು ಬಿಟ್ಟುಕೊಂಡಿದ್ದವನು ಮೂರನೆಯ ರಾತ್ರಿ ತನ್ನ ಸರದಿಯಲ್ಲಿ ಮಲಗಿಬಿಡುವನು. ಹಂದಿ ಬರುವುದು ಆಗಲೆ. ಪ್ರೀತಿಯಿಂದ ಕಾಯುವವನೂ ಭಯದಿಂದ ಕಾಯುವವನೂ ನೋಡುವುದಕ್ಕೆ ಒಂದೇ ಬಗೆ. ತಕ್ಕವನೊಬ್ಬನು ಬಂದು ‘ಇನ್ನು ನಾನು ಕೂರುತ್ತೇನೆ’ ಎಂದಾಗ ಎದ್ದು ಹೋಗಬಲ್ಲನೆ ಎಂಬಲ್ಲಿ ವ್ಯತ್ಯಾಸವು ತಿಳಿಯುವುದು.

ತೋಳಿಗೆ ಅಂಟಿಸಿಕೊಂಡು ಸುಮಾರು ಹದಿನಾಲ್ಕು ದಿನ ನಿರಂತರವಾಗಿ ಸಕ್ಕರೆಯನ್ನು ತೋರಿಸಿ, ಇಳಿದರೆ ಮೊಬೈಲಿನಲ್ಲಿ ಕೂಗುವ ಸೆನ್ಸರುಗಳು ಈಗ ದೊರೆಯುವುವು. ಬೆಲೆಯಿಂದಾಗಿ ಎಲ್ಲರ ಕೈಗೂ ಎಟುಕತಕ್ಕವಲ್ಲ. ಈ ವಿಷಯದಲ್ಲಿ ಸರ್ಕಾರವು ಮಕ್ಕಳ ಮಟ್ಟಿಗಾದರೂ ಮನಸ್ಸು ಮಾಡಬೇಕು. ನನ್ನ ತಮ್ಮನು ಕಷ್ಟಪಟ್ಟು ಒಂದನ್ನು ಹಾಕಿಸಿದನು. ಆಗ ಆತನ ಹೆಂಡತಿಯು ಕೇಳಿದ ಪ್ರಶ್ನೆಯು ಚಾರ್ವಾಕನದೇ: “ಭಾವನವರೇ, ಅದು ಸುಳ್ಳು ಹೇಳಿದರೆ?” ಪ್ರಶ್ನೆಯಲ್ಲಿ ಹುರುಳಿತ್ತು. ಅದು ನೋಡುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಆದುದರಿಂದ ಕೆಲವು ನಿಮಿಷ ಹಿಂದಿರುವುದು. ಆ ತೋಳನ್ನೇ ಒತ್ತಿಕೊಂಡು ಮಲಗಿದರೆ ಇಳಿಯದಿದ್ದರೂ ಇಳಿಯಿತೆಂದು ಕೂಗುವುದೂ ಉಂಟು. ಕಾಮಾಲೆಯ ಕಣ್ಣಿಗೆ ಬಿಳಿಯ ಶಂಖವು ಹಳದಿಯಾಗಿ ಕಾಣುವುದೆಂದು ನಾವು ಓದಿದ್ದೇವಷ್ಟೆ. ಅಷ್ಟರಿಂದ ಜಗತ್ತಿನವರೆಲ್ಲರೂ ಕಣ್ಣು ಮುಚ್ಚಿಕೊಳ್ಳಲಿಲ್ಲ. ಅನುಮಾನ ಬಂದಾಗ ಇನ್ನೊಬ್ಬನನ್ನು ಕೇಳಿದರು. ಕೂಗಿದಾಗ ಬೆರಳನ್ನು ಚುಚ್ಚಿ ನೋಡುವುದೆಂದೂ, ಕೂಗದಿದ್ದರೆ ಏಳಕೂಡದೆಂದೂ ಗೊತ್ತುಮಾಡಿದೆವು. ಮೊದಲನೆಯದನ್ನು ಆಕೆ ಒಡನೆಯೇ ಒಪ್ಪಿದಳು. ಎರಡನೆಯದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಈ ವರ್ಷ ಹುಡುಗಿಯು ಮೈಸೂರಿನಲ್ಲಿ ಕಾಲೇಜು ಸೇರಿ ವಿದ್ಯಾರ್ಥಿನಿಲಯದಲ್ಲಿರುವಳು. ಕೋಣೆಯ ಜೊತೆಗಾತಿಗೆ ತಾನೇ ಎಲ್ಲವನ್ನೂ ಕಲಿಸಿರುವಳು: ಎಬ್ಬಿಸಿದರೆ ಎದ್ದು ಮಾತಾಡಿದರೆ ಸಕ್ಕರೆಯ ನೀರು, ಏಳದಿದ್ದರೆ ಬಾಯಿಗೆ ಏನನ್ನೂ ಹಾಕದೆ, ಉಸಿರು ಕಟ್ಟದಂತೆ ಪಕ್ಕಕ್ಕೆ ಹೊರಳಿಸಿ, ವಾರ್ಡನ್ನರನ್ನು ಕೂಗಿ ೧೦೮ ಕ್ಕೆ ಕರೆ ಮಾಡುವುದು. ಹುಡುಗಿಯ ಮೊಬೈಲು ೭೦ ಕ್ಕೆ ಕೂಗುವುದು. ಊರಿನಲ್ಲಿರುವ ತಾಯಿಯದು ೫೪ ಕ್ಕೆ ಮಾತ್ರ. ಈ ಏರ್ಪಾಡನ್ನು ಕೇಳಿದವಳು ಮಗಳು. ಇದುವರೆಗೆ ತಾಯಿಯದು ಕೂಗಿದುದು ಒಂದೇ ಸಲ. ತೋಳನ್ನು ಒತ್ತಿಕೊಂಡು ಮಲಗಿದ್ದಳೆಂದು ಬೆರಳಿನ ರಕ್ತದಿಂದ ಗೊತ್ತಾಯಿತು. ರಾತ್ರಿ ಎರಡು ಗಂಟೆಗೆ ಈಗಲೂ ತಾನಾಗಿ ಎಚ್ಚರವಾಗುವುದೆಂದು ತಮ್ಮನ ಹೆಂಡತಿ ಹೇಳುವಳು. ಎದ್ದು ನೀರು ಕುಡಿಯುವಳಂತೆ. ಮೊಬೈಲು ಗೂಡಿನಲ್ಲಿರುವುದು, ಅದನ್ನು ಮುಟ್ಟದೆ ಬಂದು ಮಲಗುವಳಂತೆ.